ಓದುಗರ ಪ್ರಶ್ನೆ: ಫಾಸ್ ಗ್ರಾಹಕಕ್ಕೆ ಅಂಟುವ ಬಣ್ಣದ ಆಂಟಿಬಾಡಿ

ಜೀವಕೋಶಕ್ಕೆ ಹೊರಗಿನಿಂದ ಸಾವಿನ ಸಂದೇಶ ತಲುಪಿಸುವ ಗ್ರಾಹಕಗಳಲ್ಲಿ ಫಾಸ್, ಅಂದರೆ ಸಿಡಿ95, ಬಹಳ ಹೆಸರುವಾಸಿ. ಅದನ್ನು ಫ್ಲೋ ಸೈಟೋಮೀಟರ್‌ನಲ್ಲಿ, ಅಂದರೆ ಕೋಶಗಳನ್ನು ಒಂದೊಂದಾಗಿ ಲೇಸರಿನ ಮುಂದೆ ಹಾಯಿಸಿ ಹೊಳಪು ಅಳೆಯುವ ಯಂತ್ರದಲ್ಲಿ, ಗುರುತಿಸಲು ಬಳಸುವ, ಬಣ್ಣ ಕಟ್ಟಿದ ಆಂಟಿಬಾಡಿಯ ಬಗ್ಗೆ ಹಲವರು ಬರೆದು ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಬಾಟಲಿಯ ಮೇಲೆ ‘ಆಂಟಿ-ಹ್ಯೂಮನ್ ಸಿಡಿ95, ಪಿಇ, ಕ್ಲೋನ್ ಡಿಎಕ್ಸ್2, ಮೌಸ್ ಐಜಿಜಿ1 ಕಪ್ಪಾ’ ಎಂದಿದೆ. ಒಂದೊಂದು ಪದಕ್ಕೂ ಅರ್ಥವೇನು? ಕೆಲವು ಕಡೆ ಎಪಿಒ-1 ಎಂದೂ ಬರೆದಿರುತ್ತದೆ. ಅದು ಬೇರೆಯೇ?

ಬೇರೆಯಲ್ಲ. ಫಾಸ್, ಎಪಿಒ-1, ಸಿಡಿ95, ಟಿಎನ್‌ಎಫ್‌ಆರ್‌ಎಸ್‌ಎಫ್6 ನಾಲ್ಕೂ ಒಂದೇ ಪ್ರೋಟೀನಿನ ಹೆಸರುಗಳು. ಇಷ್ಟು ಹೆಸರು ಬಂದದ್ದಕ್ಕೆ ಕಾರಣವಿದೆ. 1989ರಲ್ಲಿ ಜಪಾನಿನ ಶಿನ್ ಯೋನೆಹಾರಾ ಮತ್ತು ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಪೀಟರ್ ಕ್ರಾಮರ್ ಅವರ ತಂಡ ಬೇರೆಬೇರೆಯಾಗಿ, ಅಂಟಿ ಜೀವಕೋಶವನ್ನು ಸಾಯಿಸುವ ಆಂಟಿಬಾಡಿಗಳನ್ನು ವರದಿ ಮಾಡಿದವು. ಒಬ್ಬರು ತಮ್ಮ ಗುರಿಯನ್ನು ಫಾಸ್ ಎಂದರು, ಇನ್ನೊಬ್ಬರು ಎಪಿಒ-1 ಎಂದರು. 1991ರಲ್ಲಿ ಶಿಗೆಕಾಜು ನಗಾಟಾ ಅವರ ಪ್ರಯೋಗಾಲಯ ಫಾಸ್ ಜೀನನ್ನು ಬೇರ್ಪಡಿಸಿತು. ಮೊದಲು ಆಂಟಿಬಾಡಿ ಸಿಕ್ಕಿತು, ಆಮೇಲೆ ಗ್ರಾಹಕ ಸಿಕ್ಕಿತು ಎಂಬುದನ್ನು ನೆನಪಿಡಿ. ಈ ಗ್ರಾಹಕಕ್ಕೆ ಅಂಟುವ ಆಂಟಿಬಾಡಿ ಬರಿಯ ಗುರುತಿನ ಚೀಟಿಯಾಗಿ ಉಳಿಯದೆ ಸ್ವಿಚ್ಚನ್ನೂ ಒತ್ತಬಲ್ಲದು. ಮುಂದಿನ ಕೆಲವು ಉತ್ತರಗಳಲ್ಲಿ ಈ ಮಾತು ಮತ್ತೆ ಬರುತ್ತದೆ.

ಇನ್ನು ಲೇಬಲ್. ‘ಹ್ಯೂಮನ್’ ಎಂದರೆ ಮನುಷ್ಯನ ಫಾಸ್‌ಗೆ ತಯಾರಿಸಿದ್ದು. ಇಲಿಯ ಕೋಶಗಳಿಗೆ ಇದು ನಡೆಯುವುದಿಲ್ಲ, ಅದಕ್ಕೆ ಜೆಒ2 ಎಂಬ ಬೇರೆ ಕ್ಲೋನ್ ಇದೆ. ‘ಮೌಸ್ ಐಜಿಜಿ1 ಕಪ್ಪಾ’ ಎಂಬುದು ಆಂಟಿಬಾಡಿ ತಯಾರಾದ ಪ್ರಾಣಿ ಮತ್ತು ಅದರ ವರ್ಗ. ಐಸೊಟೈಪ್ ಕಂಟ್ರೋಲ್, ಅಂದರೆ ಹೋಲಿಕೆಗಾಗಿ ಬಳಸುವ, ಫಾಸ್‌ಗೆ ಅಂಟದ ಆಂಟಿಬಾಡಿ, ಆರಿಸುವಾಗ ಇದೇ ವರ್ಗದ್ದು, ಇದೇ ಬಣ್ಣದ್ದು ಬೇಕು. ‘ಡಿಎಕ್ಸ್2’ ಕ್ಲೋನಿನ, ಅಂದರೆ ಈ ಆಂಟಿಬಾಡಿ ತಯಾರಿಸುವ ಕೋಶದ ವಂಶದ, ಹೆಸರು. ಫಾಸ್‌ನ ಹೊರಭಾಗದಲ್ಲಿ ಸಿಸ್ಟೀನ್ ತುಂಬಿದ ಮೂರು ತುಂಡುಗಳಿವೆ, ಒಂದೇ ಎಳೆ ಪೊರೆಯನ್ನು ದಾಟುತ್ತದೆ, ಒಳಗೆ ಸುಮಾರು 80 ಅಮೈನೊ ಆಮ್ಲಗಳ ‘ಡೆತ್ ಡೊಮೈನ್’ ಇದೆ. ಡಿಎಕ್ಸ್2 ಅಂಟುವುದು ಹೊರಭಾಗಕ್ಕೆ. ಹಾಗಾಗಿ ಕೋಶಕ್ಕೆ ತೂತು ಮಾಡದೆ, ಜೀವಂತವಾಗಿಯೇ ಸ್ಟೇನ್ ಮಾಡಬಹುದು. ‘ಪಿಇ’ ಅಂದರೆ ಫೈಕೊಎರಿಥ್ರಿನ್, ಕೆಂಪು ಪಾಚಿಯಿಂದ ಬಂದ ಹೊಳೆಯುವ ಪ್ರೋಟೀನ್. ಅದರ ತೂಕ ಸುಮಾರು 240 ಕಿಲೋಡಾಲ್ಟನ್; ಹೊತ್ತಿರುವ ಆಂಟಿಬಾಡಿ ಬರೀ 150.

ಪ್ರಶ್ನೆ: ರಕ್ತದಿಂದ ಬೇರ್ಪಡಿಸಿದ ಲಿಂಫೊಸೈಟ್‌ಗಳಿಗೆ ಸ್ಟೇನಿಂಗ್ ಮಾಡುವ ಕ್ರಮವನ್ನು ಅಳತೆ ಸಮೇತ ತಿಳಿಸಿ.

ಮೊದಲು ಬಫರ್. ಪಿಬಿಎಸ್ ಎಂಬ ಉಪ್ಪಿನ ದ್ರಾವಣಕ್ಕೆ ಶೇ 2ರಷ್ಟು ಫೀಟಲ್ ಬೊವೈನ್ ಸೀರಮ್, 2 ಮಿಲಿಮೋಲಾರ್ ಇಡಿಟಿಎ ಸೇರಿಸಿ. ಕೋಶಗಳನ್ನು ಮತ್ತೆ ಬೆಳೆಸುವ ಉದ್ದೇಶ ಇಲ್ಲದಿದ್ದರೆ ಶೇ 0.09 ಸೋಡಿಯಂ ಅಜೈಡ್ ಕೂಡ ಹಾಕಿ. ಸೀರಮ್ ಇದ್ದರೆ ಕಂಡಕಂಡಲ್ಲಿ ಆಂಟಿಬಾಡಿ ಅಂಟುವುದು ಕಡಿಮೆಯಾಗುತ್ತದೆ. ಇಡಿಟಿಎ ಕೋಶಗಳನ್ನು ಉಂಡೆ ಕಟ್ಟಲು ಬಿಡುವುದಿಲ್ಲ. ಅಜೈಡ್ ಕೋಶದ ಶಕ್ತಿಯನ್ನು ತಡೆಯುವುದರಿಂದ, ಆಂಟಿಬಾಡಿ ಅಂಟಿದ ಗ್ರಾಹಕ ಒಳಕ್ಕೆ ಜಾರಿಹೋಗುವುದಿಲ್ಲ. ಅಜೈಡ್ ಇದ್ದ ದ್ರವವನ್ನು ಸಿಂಕಿಗೆ ಸುರಿಯಬೇಡಿ. ಸೀಸ, ತಾಮ್ರದ ಕೊಳವೆಗಳಲ್ಲಿ ಅದು ಸಿಡಿಯುವ ಲವಣವಾಗಿ ಕೂರುತ್ತದೆ. ಪ್ರಯೋಗಾಲಯದ ರಾಸಾಯನಿಕ ತ್ಯಾಜ್ಯದ ಡಬ್ಬಿಗೇ ಹಾಕಿ.

ಒಂದು ಟ್ಯೂಬಿಗೆ ಹತ್ತು ಲಕ್ಷ ಕೋಶ ಸಾಕು. 300 ಜಿ ವೇಗದಲ್ಲಿ 5 ನಿಮಿಷ ಸ್ಪಿನ್ ಮಾಡಿ, ಮೇಲಿನ ದ್ರವ ತೆಗೆದು, ಪೆಲೆಟ್ಟನ್ನು 100 ಮೈಕ್ರೊಲೀಟರ್ ಬಫರಿನಲ್ಲಿ ಎಬ್ಬಿಸಿ. ಟ್ಯೂಬನ್ನು ಬೋರಲು ಹಾಕಿ ಚೆಲ್ಲುವವರು ಒಂದು ವಿಷಯ ಗಮನಿಸಬೇಕು: ಅಂಚಿನಲ್ಲಿ 50ರಿಂದ 100 ಮೈಕ್ರೊಲೀಟರ್ ಉಳಿದೇ ಉಳಿಯುತ್ತದೆ. ಅದರ ಮೇಲೆ ಇನ್ನೂ 100 ಹಾಕಿದರೆ ಪ್ರಮಾಣ ಎರಡರಷ್ಟಾಗಿ ಆಂಟಿಬಾಡಿ ಅರ್ಧಕ್ಕೆ ತೆಳ್ಳಗಾಗುತ್ತದೆ. ಒಂದು ಟ್ಯೂಬಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಹೊಳಪು ಕಾಣುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಪಿಪೆಟ್ಟಿನಿಂದ ಹೀರಿ ತೆಗೆಯುವುದೇ ಲೇಸು.

ಆಮೇಲೆ ಎಫ್‌ಸಿ ಬ್ಲಾಕ್ ಹಾಕಿ 10 ನಿಮಿಷ ಬಿಡಿ. ಮಾನೊಸೈಟ್, ಬಿ ಕೋಶಗಳು ಆಂಟಿಬಾಡಿಯ ಬಾಲವನ್ನೇ ಹಿಡಿದುಕೊಳ್ಳುತ್ತವೆ; ಅವುಗಳ ಬಾಯಿ ಮುಚ್ಚಿಸಲು ಇದು. ತೊಳೆಯದೆ ಹಾಗೆಯೇ ಆಂಟಿಬಾಡಿ ಹಾಕಿ, ಮೆಲ್ಲಗೆ ಅಲುಗಿಸಿ, ಐಸ್ ಮೇಲೆ ಕತ್ತಲಲ್ಲಿ 30 ನಿಮಿಷ ಇಡಿ. 2 ಮಿಲಿಲೀಟರ್ ತಣ್ಣನೆಯ ಬಫರ್ ಹಾಕಿ ಸ್ಪಿನ್ ಮಾಡಿ. ಹೀಗೆ ಎರಡು ಸಲ. ಕೊನೆಗೆ 300ರಿಂದ 500 ಮೈಕ್ರೊಲೀಟರ್ ಬಫರಿನಲ್ಲಿ ಎಬ್ಬಿಸಿ, ಸತ್ತ ಕೋಶ ಗುರುತಿಸುವ ಬಣ್ಣ ಸೇರಿಸಿ. 7-ಎಎಡಿ ಆದರೆ 10 ನಿಮಿಷ ಬಿಟ್ಟು, ತೊಳೆಯದೆ ಓದಿ. 35 ಅಥವಾ 40 ಮೈಕ್ರೋಮೀಟರ್ ಜಾಲರಿಯ ಮೂಲಕ ಸೋಸಿದರೆ ಯಂತ್ರ ಕಟ್ಟಿಕೊಳ್ಳುವುದಿಲ್ಲ. ಒಂಟಿ ಕೋಶಗಳ ಗೇಟಿನಲ್ಲಿ (ಗೇಟ್ ಎಂದರೆ ಬೇಕಾದ ಕೋಶಗಳನ್ನಷ್ಟೇ ಆರಿಸಲು ಗ್ರಾಫಿನಲ್ಲಿ ಎಳೆಯುವ ಗಡಿ), ಜೀವಂತವಾದವುಗಳಲ್ಲಿ, ಕನಿಷ್ಠ 10,000 ಘಟನೆಗಳನ್ನು ದಾಖಲಿಸಿ.

ರಕ್ತವನ್ನು ನೇರವಾಗಿ ಸ್ಟೇನ್ ಮಾಡುವವರು ಮೊದಲು ಒಮ್ಮೆ ಪಿಬಿಎಸ್‌ನಲ್ಲಿ ತೊಳೆಯಿರಿ. ಫಾಸ್‌ನ ಆರ್‌ಎನ್‌ಎ ಕತ್ತರಿಸಿ ಜೋಡಿಸುವಾಗ ಪೊರೆ ದಾಟುವ ತುಂಡು ಬಿಟ್ಟುಹೋದರೆ, ಕರಗಿದ ಫಾಸ್ ಹುಟ್ಟಿ ಪ್ಲಾಸ್ಮಾದಲ್ಲಿ ತೇಲುತ್ತಿರುತ್ತದೆ. ಕೋಶಕ್ಕೆ ಹೋಗಬೇಕಾದ ಆಂಟಿಬಾಡಿಯಲ್ಲಿ ಒಂದು ಪಾಲನ್ನು ಅದು ಕಬಳಿಸುತ್ತದೆ.

ಪ್ರಶ್ನೆ: ಒಂದು ಟೆಸ್ಟಿಗೆ 20 ಮೈಕ್ರೊಲೀಟರ್ ಎಂದು ಕೈಪಿಡಿ ಹೇಳುತ್ತದೆ. ಕಡಿಮೆ ಹಾಕಿದರೆ ತಪ್ಪೇ?

ಅಳೆದು ನೋಡಿ ಕಡಿಮೆ ಹಾಕಿದರೆ ತಪ್ಪಿಲ್ಲ. ಅಂದಾಜಿನಲ್ಲಿ ಕಡಿಮೆ ಮಾಡಿದರೆ ತಪ್ಪು. ಇದಕ್ಕೆ ಟೈಟ್ರೇಶನ್ ಎನ್ನುತ್ತಾರೆ. ಒಂದೇ ಬ್ಯಾಚಿನ ಕೋಶಗಳಿಗೆ 1 ಮೈಕ್ರೊಗ್ರಾಂನಿಂದ ಶುರುಮಾಡಿ ಅರ್ಧರ್ಧ ಇಳಿಸುತ್ತ 0.5, 0.25, 0.125, 0.06, 0.03 ಮೈಕ್ರೊಗ್ರಾಂ ಹಾಕಿ ನೋಡಿ. ಕೋಶಗಳ ಸಂಖ್ಯೆ, ದ್ರವದ ಪ್ರಮಾಣ, ಹೊತ್ತು ಯಾವುದೂ ಬದಲಾಗಕೂಡದು.

ಕಣ್ಣಿಗೆ ಅತಿ ಹೊಳೆಯುವುದನ್ನು ಆರಿಸಬೇಡಿ. ಸ್ಟೇನ್ ಇಂಡೆಕ್ಸ್ ಲೆಕ್ಕ ಹಾಕಿ: ಪಾಸಿಟಿವ್ ಗುಂಪಿನ ಮಧ್ಯಾಂಕದಿಂದ ನೆಗೆಟಿವ್ ಗುಂಪಿನ ಮಧ್ಯಾಂಕ ಕಳೆಯಿರಿ, ಬಂದದ್ದನ್ನು ನೆಗೆಟಿವ್ ಗುಂಪಿನ ಸ್ಟ್ಯಾಂಡರ್ಡ್ ಡೀವಿಯೇಶನ್ನಿನ ಎರಡರಷ್ಟರಿಂದ ಭಾಗಿಸಿ. ಲೆಕ್ಕ ತಿಳಿಯಲು ಒಂದು ಉದಾಹರಣೆ. 1 ಮೈಕ್ರೊಗ್ರಾಂನಲ್ಲಿ ಪಾಸಿಟಿವ್ 8600, ನೆಗೆಟಿವ್ 640, ಡೀವಿಯೇಶನ್ 260 ಎಂದುಕೊಳ್ಳಿ. ಇಂಡೆಕ್ಸ್ ಸುಮಾರು 15. ಅದೇ 0.25ರಲ್ಲಿ 8200, 210, 95 ಬಂದರೆ ಇಂಡೆಕ್ಸ್ 42. ಪಾಸಿಟಿವ್ ಹೆಚ್ಚುಕಡಿಮೆ ಅಷ್ಟೇ ಇದೆ, ಹಿನ್ನೆಲೆ ಮಾತ್ರ ಇಳಿದಿದೆ. ಜಾಗವೆಲ್ಲ ತುಂಬಿದ ಮೇಲೂ ಸುರಿದ ಆಂಟಿಬಾಡಿ ಸಿಕ್ಕಲ್ಲಿ ಅಂಟುತ್ತದೆ, ಅದರಿಂದ ಹಿನ್ನೆಲೆ ಏರುತ್ತದೆ. ತೀರ ಕಡಿಮೆಯಾದರೆ ಬೇರೆ ತೊಂದರೆ: ಕೋಶಗಳ ಎಣಿಕೆಯಲ್ಲಿ ಸಣ್ಣ ವ್ಯತ್ಯಾಸವಾದರೂ ಹೊಳಪು ಏರುಪೇರಾಗುತ್ತದೆ. ಇಂಡೆಕ್ಸ್ ಅತಿ ಹೆಚ್ಚಾಗಿರುವ ಪ್ರಮಾಣವನ್ನೇ, ಅಥವಾ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಆರಿಸುವುದು ಭದ್ರ. ಹೊಸ ಲಾಟ್ ಬಂದಾಗಲೆಲ್ಲ ಈ ಕೆಲಸವನ್ನು ಮತ್ತೆ ಮಾಡಬೇಕು.

ಪ್ರಶ್ನೆ: ನಮ್ಮದು ತಟ್ಟೆಗೆ ಅಂಟಿ ಬೆಳೆಯುವ ಕ್ಯಾನ್ಸರ್ ಕೋಶಗಳು. ಆರ್‌ಎನ್‌ಎ ನೋಡಿದರೆ ಫಾಸ್ ಚೆನ್ನಾಗಿದೆ, ಫ್ಲೋನಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಆಂಟಿಬಾಡಿ ಕೆಟ್ಟಿದೆಯೇ?

ಆಂಟಿಬಾಡಿಯನ್ನು ದೂರುವ ಮುನ್ನ ಕೋಶಗಳನ್ನು ತಟ್ಟೆಯಿಂದ ಹೇಗೆ ಬಿಡಿಸಿದಿರಿ ಎಂದು ನೋಡಿ. ಟ್ರಿಪ್ಸಿನ್ ಪ್ರೋಟೀನ್ ಕತ್ತರಿಸುವ ಕಿಣ್ವ. ತಟ್ಟೆಗೆ ಅಂಟಿದ ಎಳೆಗಳನ್ನಷ್ಟೇ ಕತ್ತರಿಸಿ, ಮೈಮೇಲಿನ ಗ್ರಾಹಕವನ್ನು ಮುಟ್ಟದೆ ಬಿಡು ಎಂದರೆ ಅದಕ್ಕೆ ತಿಳಿಯುವುದಿಲ್ಲ. ಡಿಎಕ್ಸ್2 ಅಂಟಬೇಕಾದ ಭಾಗವೇ ಕತ್ತರಿಸಿಹೋದರೆ ಒಳಗೆ ಎಷ್ಟು ಆರ್‌ಎನ್‌ಎ ಇದ್ದರೂ ಯಂತ್ರಕ್ಕೆ ಕಾಣುವುದಿಲ್ಲ.

‘ಮೃದು’ ಎಂದು ಹೆಸರಾದ ಅಕ್ಯುಟೇಸ್ ಬಳಸಿ ಎಂಬ ಸಲಹೆಯನ್ನು ಹಲವರು ಕೊಡುತ್ತಾರೆ. ಬೇರೆ ಎಷ್ಟೋ ಗುರುತುಗಳಿಗೆ ಅದು ಸರಿಯೇ. ಫಾಸ್ ಮತ್ತು ಅದರ ಜೊತೆಗಾರ ಫಾಸ್ ಲಿಗಾಂಡ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಮ್ಯಾಕ್ರೊಫೇಜ್‌ಗಳಲ್ಲಿ ಅಕ್ಯುಟೇಸ್ ಇವೆರಡರ ಹೊರಭಾಗವನ್ನು ಕಡಿದುಹಾಕುವುದು ಕಂಡಿದೆ, ಅದು ಮತ್ತೆ ಮೈಮೇಲೆ ಬರಲು ಹತ್ತಿರಹತ್ತಿರ ಒಂದು ದಿನವೇ ಬೇಕು. ಆದ್ದರಿಂದ ಕಿಣ್ವವಿಲ್ಲದ ದಾರಿಯೇ ನಮ್ಮ ಆಯ್ಕೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ಪಿಬಿಎಸ್‌ನಲ್ಲಿ ಎರಡು ಸಲ ತೊಳೆದು, 2ರಿಂದ 5 ಮಿಲಿಮೋಲಾರ್ ಇಡಿಟಿಎ ಇರುವ ಪಿಬಿಎಸ್ ಹಾಕಿ 37 ಡಿಗ್ರಿಯಲ್ಲಿ 5ರಿಂದ 15 ನಿಮಿಷ ಇಡಿ. ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರೆ ಹರಡಿದ್ದ ಕೋಶಗಳು ಅಂಚು ಎಳೆದುಕೊಂಡು ದುಂಡಗಾಗುವುದು ಕಾಣುತ್ತದೆ. ಆಗ ತಟ್ಟೆಯ ಬದಿಗೆ ಅಂಗೈಯಿಂದ ತಟ್ಟಿ, ಅಗಲ ಬಾಯಿಯ ಪಿಪೆಟ್ಟಿನಿಂದ ಮೆಲ್ಲಗೆ ದ್ರವ ಹಾಯಿಸಿ. ಕೆರೆದು ತೆಗೆದರೆ ಪೊರೆ ಹರಿದು ಸತ್ತ ಕೋಶಗಳೇ ಹೆಚ್ಚಾಗುತ್ತವೆ.

ಅನುಮಾನ ಬಗೆಹರಿಸಲು ಸುಲಭದ ಪರೀಕ್ಷೆಯೊಂದಿದೆ. ಮನುಷ್ಯನ ಟಿ ಕೋಶದ ಕ್ಯಾನ್ಸರಿನಿಂದ ಬಂದ ಜುರ್ಕಾಟ್ ಕೋಶಗಳು ತೇಲುತ್ತ ಬೆಳೆಯುತ್ತವೆ, ಫಾಸ್ ಹೊತ್ತಿರುತ್ತವೆ. ಅವನ್ನು ಎರಡು ಪಾಲು ಮಾಡಿ, ಒಂದಕ್ಕೆ ನೀವು ಬಳಸುವ ಕಿಣ್ವವನ್ನೇ ಅಷ್ಟೇ ಹೊತ್ತು ಹಾಕಿ, ಇನ್ನೊಂದಕ್ಕೆ ಬರೀ ಬಫರ್ ಹಾಕಿ. ಎರಡನ್ನೂ ಸ್ಟೇನ್ ಮಾಡಿ. ಕಿಣ್ವ ಕಂಡ ಪಾಲು ಮಾತ್ರ ಮಂಕಾದರೆ ತಪ್ಪು ಎಲ್ಲಿದೆ ಎಂದು ಗೊತ್ತಾಯಿತು. ಎರಡೂ ಮಂಕಾದರೆ ಆಗ ಬಾಟಲಿಯನ್ನು ಅನುಮಾನಿಸಿ.

ಇನ್ನೊಂದು ಸಾಧ್ಯತೆಯೂ ಇದೆ. ಫಾಸ್ ಗಾಲ್ಜಿ ಭಾಗದಲ್ಲಿ ದಾಸ್ತಾನಾಗಿದ್ದು ಮೈಮೇಲೆ ಕಡಿಮೆ ಇರಬಹುದು. ಪೊರೆಗೆ ತೂತು ಮಾಡಿದ ಕೋಶ, ಮಾಡದ ಕೋಶ ಎರಡನ್ನೂ ಸ್ಟೇನ್ ಮಾಡಿ ಹೋಲಿಸಿದರೆ ಅದು ತಿಳಿಯುತ್ತದೆ.

ಪ್ರಶ್ನೆ: ಎಫ್‌ಐಟಿಸಿ ಕೊಳ್ಳುವುದೋ, ಪಿಇ ಕೊಳ್ಳುವುದೋ? ಡಿಆರ್4, ಡಿಆರ್5 ಗ್ರಾಹಕಗಳನ್ನೂ ನೋಡಬೇಕೆಂದಿದ್ದೇವೆ.

ಎಫ್‌ಐಟಿಸಿ ಹಸಿರಾಗಿ ಹೊಳೆಯುವ ಸಣ್ಣ ಬಣ್ಣದ ಅಣು. ಗ್ರಾಹಕದ ಸಂಖ್ಯೆ ಕಡಿಮೆಯಿದ್ದಷ್ಟೂ ಬಣ್ಣ ಹೆಚ್ಚು ಹೊಳೆಯಬೇಕು. ಎಚ್ಚೆತ್ತ ಟಿ ಕೋಶದ ಫಾಸ್, ಜುರ್ಕಾಟ್‌ನ ಫಾಸ್ ಎಫ್‌ಐಟಿಸಿಯಲ್ಲೂ ಚೆನ್ನಾಗಿ ಕಾಣುತ್ತವೆ. ಟ್ರೇಲ್ ಎಂಬ ಲಿಗಾಂಡಿನ ಗ್ರಾಹಕಗಳಾದ ಡಿಆರ್4, ಡಿಆರ್5, ಅಂದರೆ ಸಿಡಿ261, ಸಿಡಿ262, ಅನೇಕ ಕೋಶಗಳ ಮೈಮೇಲೆ ವಿರಳ. ಅವಕ್ಕೆ ಪಿಇ ಅಥವಾ ಅದರ ಹಾಗೆಯೇ ಜೋರಾಗಿ ಹೊಳೆಯುವ ಎಪಿಸಿಯೇ ಆಗಬೇಕು. ಎಫ್‌ಐಟಿಸಿಯ ಹೊಳಪು 520 ನ್ಯಾನೊಮೀಟರ್ ಸುತ್ತ; ಕೋಶದ ಸ್ವಂತ ಮಿನುಗು ಜೋರಾಗಿರುವುದೂ ಅಲ್ಲಿಯೇ. ಪಿಇ ಹೊಳೆಯುವುದು 578ರ ಸುತ್ತ. 488 ಲೇಸರಿಗೂ ಹೊಳೆಯುತ್ತದೆ, 561 ಇದ್ದರೆ ಇನ್ನೂ ಚೆನ್ನ. ನಿಮ್ಮ ಕೋಶಗಳಲ್ಲಿ ಜಿಎಫ್‌ಪಿ ಎಂಬ ಹಸಿರಾಗಿ ಹೊಳೆಯುವ ಪ್ರೋಟೀನ್ ಇದ್ದರೆ ಎಫ್‌ಐಟಿಸಿಯ ಮಾತೇ ಬೇಡ, ಎರಡೂ ಒಂದೇ ಡಿಟೆಕ್ಟರಿಗೆ ಬೀಳುತ್ತವೆ.

ಎಫ್‌ಐಟಿಸಿಗೆ ಇನ್ನೊಂದು ದೌರ್ಬಲ್ಯ: ದ್ರಾವಣದ ಪಿಎಚ್ 7ಕ್ಕಿಂತ ಕೆಳಗಿಳಿದರೆ ಹೊಳಪು ಇಳಿಯುತ್ತದೆ. ಗ್ರಾಹಕದ ಜೊತೆ ಒಳಗೆ ಹೋಗಿ ಆಮ್ಲೀಯ ಚೀಲ ಸೇರಿದ ಎಫ್‌ಐಟಿಸಿ ಮಂಕಾಗುವುದು ಇದಕ್ಕೇ. ಒಂದು ಆಂಟಿಬಾಡಿಗೆ ಒಂದೇ ಪಿಇ ಕಟ್ಟಿರುವ ಸರಕು ಸಿಕ್ಕರೆ, ಗೊತ್ತಿರುವ ಸಂಖ್ಯೆಯ ಪಿಇ ಅಣು ಹೊತ್ತ ಬೀಡ್‌ಗಳನ್ನು ಅದೇ ವೋಲ್ಟೇಜಿನಲ್ಲಿ ಓಡಿಸಿ, ಲಾಗ್-ಲಾಗ್ ಗೆರೆ ಎಳೆದು, ಒಂದು ಕೋಶಕ್ಕೆ ಎಷ್ಟು ಆಂಟಿಬಾಡಿ ಅಂಟಿದೆ ಎಂದು ಎಣಿಸಲೂಬಹುದು. ‘ಪಾಸಿಟಿವ್ ಶೇಕಡ ಇಷ್ಟು’ ಎನ್ನುವುದಕ್ಕಿಂತ ಆ ಎಣಿಕೆಗೆ ಬೆಲೆ ಹೆಚ್ಚು.

ಪ್ರಶ್ನೆ: ಸಿಡಿ95 ಪಾಸಿಟಿವ್ ಟಿ ಕೋಶಗಳನ್ನು ಸಾರ್ಟ್ ಮಾಡಿ (ಯಂತ್ರದಲ್ಲಿ ಬೇರ್ಪಡಿಸಿ) ಬೆಳೆಸಲು ಇಟ್ಟೆವು. ಮರುದಿನಕ್ಕೆ ಅರ್ಧದಷ್ಟು ಸತ್ತಿದ್ದವು. ನೆಗೆಟಿವ್ ಪಾಲು ಚೆನ್ನಾಗಿಯೇ ಇದೆ. ಸಾರ್ಟರಿನ ಒತ್ತಡ ಕಾರಣವೇ?

ಒತ್ತಡವೇ ಕಾರಣವಾಗಿದ್ದರೆ ನೆಗೆಟಿವ್ ಪಾಲಿಗೂ ಪೆಟ್ಟು ಬೀಳಬೇಕಿತ್ತು. ಎಚ್ಚೆತ್ತ ಕೋಶಗಳು ಸಹಜವಾಗಿಯೇ ಹೆಚ್ಚು ಸೂಕ್ಷ್ಮ ಎಂಬುದು ಒಂದು ಕಾರಣ ಇರಬಹುದು. ಆದರೆ ನೀವು ಹಚ್ಚಿದ ಆಂಟಿಬಾಡಿಯೇ ಫಾಸ್‌ನ ಸ್ವಿಚ್ ಒತ್ತಿರುವ ಸಾಧ್ಯತೆಯನ್ನು ಮೊದಲು ಪರೀಕ್ಷಿಸಬೇಕು.

ಫಾಸ್ ಕೆಲಸ ಮಾಡುವ ಬಗೆ ಹೀಗೆ. ಫಾಸ್ ಲಿಗಾಂಡ್ ಮೂರರ ಗುಂಪಾಗಿ ಬಂದು ಗ್ರಾಹಕಗಳನ್ನು ಒತ್ತೊತ್ತಾಗಿ ಸೇರಿಸುತ್ತದೆ. ಒಳಗಿನ ಡೆತ್ ಡೊಮೈನ್‌ಗಳು ಹತ್ತಿರವಾದಾಗ ಎಫ್‌ಎಡಿಡಿ ಎಂಬ ಪ್ರೋಟೀನ್ ಬಂದು ಕೂರುತ್ತದೆ, ಅದು ಕ್ಯಾಸ್ಪೇಸ್-8 ಅನ್ನು ಕರೆತರುತ್ತದೆ, ಅಲ್ಲಿಂದ ಕೋಶ ತನ್ನನ್ನು ತಾನೇ ಕೆಡವತೊಡಗುತ್ತದೆ. ಮುಖ್ಯವಾದದ್ದು ಒತ್ತೊತ್ತಾಗಿ ಸೇರುವುದು. ಸೇರಿಸಿದವರು ಯಾರು ಎಂಬುದು ಗ್ರಾಹಕಕ್ಕೆ ಬೇಕಿಲ್ಲ. ಯೋನೆಹಾರಾ ಅವರ ಸಿಎಚ್11 ಕ್ಲೋನ್ ಐಜಿಎಂ ವರ್ಗದ್ದು, ಅದಕ್ಕೆ ಹತ್ತು ಕೈ. 100 ನ್ಯಾನೊಗ್ರಾಂ ಪ್ರತಿ ಮಿಲಿಲೀಟರಿಗೆ ಹಾಕಿದರೂ ಜುರ್ಕಾಟ್ ಕೋಶಗಳು ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತವೆ. ಡಿಎಕ್ಸ್2 ಐಜಿಜಿ1, ಎರಡೇ ಕೈ. ಅದೊಂದೇ ಇದ್ದರೆ ಅಷ್ಟು ಅಪಾಯವಿಲ್ಲ. ಆದರೆ ಅದರ ಬಾಲಗಳನ್ನು ಯಾವುದಾದರೂ ಕೂಡಿಸಿ ಹಿಡಿದರೆ, ಅಂದರೆ ಸೆಕೆಂಡರಿ ಆಂಟಿಬಾಡಿ, ಪ್ರೋಟೀನ್ ಜಿ, ಅಥವಾ ಜೊತೆಗಿರುವ ಮಾನೊಸೈಟ್‌ಗಳ ಎಫ್‌ಸಿ ಗ್ರಾಹಕ ಹಿಡಿದರೆ, ಅದೂ ಕೊಲ್ಲುತ್ತದೆ. ತಣ್ಣಗಿರುವಾಗ ಏನೂ ಆಗದೆ, 37 ಡಿಗ್ರಿಗೆ ಇಟ್ಟ ಮೇಲೆ ಶುರುವಾಗುವುದರಿಂದ ಸಾರ್ಟ್ ಮುಗಿದಾಗ ಕೋಶಗಳು ಚೆನ್ನಾಗಿಯೇ ಕಾಣುತ್ತವೆ. ಬಾಟಲಿಯ ಅಜೈಡ್ ಸರಿಯಾಗಿ ತೊಳೆದುಹೋಗದಿದ್ದರೆ ಅದೂ ಸಾವಿಗೆ ತನ್ನ ಪಾಲು ಸೇರಿಸುತ್ತದೆ.

ಹೀಗೆ ಮಾಡಿ ನೋಡಿ. ಸಾರ್ಟ್ ಮಾಡದ ಕೋಶಗಳನ್ನೇ ಮೂರು ಪಾಲು ಮಾಡಿ: ಒಂದಕ್ಕೆ ಡಿಎಕ್ಸ್2, ಒಂದಕ್ಕೆ ಅದೇ ವರ್ಗದ ಐಸೊಟೈಪ್, ಒಂದಕ್ಕೆ ಏನೂ ಇಲ್ಲ. ಮೂರನ್ನೂ ಒಂದೇ ರೀತಿ ತೊಳೆದು ಬೆಳೆಸಿ. ನಾಲ್ಕನೆಯದಾಗಿ ಡಿಎಕ್ಸ್2 ಜೊತೆ 20 ಮೈಕ್ರೊಮೋಲಾರ್ ಝಡ್-ವಿಎಡಿ-ಎಫ್‌ಎಂಕೆ, ಅಂದರೆ ಕ್ಯಾಸ್ಪೇಸ್ ತಡೆ, ಇರುವ ಪಾಲೂ ಇರಲಿ. ಡಿಎಕ್ಸ್2 ಪಾಲು ಮಾತ್ರ ಸತ್ತು, ತಡೆ ಇದ್ದಲ್ಲಿ ಉಳಿದರೆ ಸಂಶಯವಿಲ್ಲ. ಆಗ ಕೋಶಗಳನ್ನು ಬೇರೆ ಗುರುತಿನಿಂದ ಸಾರ್ಟ್ ಮಾಡುವ ದಾರಿ ಹುಡುಕಿ. ಟಿ ಕೋಶಗಳಲ್ಲಿ ಸಿಡಿ45ಆರ್‌ಎ, ಸಿಸಿಆರ್7 ಎಂಬ ಮೈಮೇಲಿನ ಗುರುತುಗಳು ಬಹುಪಾಲು ಆ ಕೆಲಸ ಮಾಡುತ್ತವೆ. ಮೈಮೇಲೆ ನೇವ್ ಕೋಶಗಳಂತೆಯೇ (ಇನ್ನೂ ರೋಗಾಣುವನ್ನು ಎದುರಿಸದ ಕೋಶಗಳಂತೆಯೇ) ಕಾಣುವ ಸ್ಟೆಮ್ ಮೆಮೊರಿ ಕೋಶಗಳೇ ಬೇಕೆಂದಿದ್ದರೆ ಸಿಡಿ95 ಬಿಡುವ ಹಾಗಿಲ್ಲ. ಆಗ ಅಜೈಡ್ ಇಲ್ಲದ ಸರಕು ತರಿಸಿ, ಮಾನೊಸೈಟ್‌ಗಳನ್ನು ಮೊದಲೇ ತೆಗೆದು, ಟೈಟ್ರೇಟ್ ಮಾಡಿದ ಕನಿಷ್ಠ ಪ್ರಮಾಣ ಹಾಕಿ, 4 ಡಿಗ್ರಿಯಲ್ಲೇ ಸಾರ್ಟ್ ಮುಗಿಸಿ. ಐಸೊಟೈಪ್ ಪಾಲನ್ನು ಪ್ರತಿ ಸಲವೂ ಜೊತೆಗಿಡಿ.

ಪ್ರಶ್ನೆ: ಒಂದೇ ಟ್ಯೂಬಿನಲ್ಲಿ ಸಿಡಿ95 ಮತ್ತು ಅನೆಕ್ಸಿನ್ ವಿ ಎರಡನ್ನೂ ಹಾಕಬಹುದೇ?

ಹಾಕಬಹುದು, ಒಟ್ಟಿಗಲ್ಲ. ಸಾಯತೊಡಗಿದ ಕೋಶಗಳಿಗೆ ಅಂಟುವ ಪ್ರೋಟೀನಾದ ಅನೆಕ್ಸಿನ್‌ಗೆ ಕ್ಯಾಲ್ಸಿಯಂ ಬೇಕು; ಸ್ಟೇನಿಂಗ್ ಬಫರಿನ ಇಡಿಟಿಎ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ಮೊದಲು ಸಿಡಿ95 ಪಿಇ ಮುಗಿಸಿ, ಇಡಿಟಿಎ ಇಲ್ಲದ ಪಿಬಿಎಸ್‌ನಲ್ಲಿ ತೊಳೆದು, 10 ಮಿಲಿಮೋಲಾರ್ ಹೆಪ್ಸ್, 140 ಸೋಡಿಯಂ ಕ್ಲೋರೈಡ್, 2.5 ಕ್ಯಾಲ್ಸಿಯಂ ಕ್ಲೋರೈಡ್, ಪಿಎಚ್ 7.4 ಇರುವ ಬೈಂಡಿಂಗ್ ಬಫರಿಗೆ ಹಾಕಿ. ಅನೆಕ್ಸಿನ್ ಎಫ್‌ಐಟಿಸಿ ಸೇರಿಸಿ ಕೋಣೆಯ ಉಷ್ಣತೆಯಲ್ಲಿ ಕತ್ತಲಲ್ಲಿ 15 ನಿಮಿಷ ಬಿಟ್ಟು, ತೊಳೆಯದೆ, ಒಂದು ಗಂಟೆಯೊಳಗೆ ಓದಿ. ಎರಡು ಬಣ್ಣಗಳ ಕಾಂಪೆನ್ಸೇಶನ್‌ಗೆ, ಅಂದರೆ ಒಂದರ ಬೆಳಕು ಇನ್ನೊಂದರ ಡಿಟೆಕ್ಟರಿಗೆ ಸೋರುವುದನ್ನು ಲೆಕ್ಕದಲ್ಲಿ ಕಳೆಯಲು, ಒಂಟಿ ಬಣ್ಣದ ಟ್ಯೂಬುಗಳನ್ನು ಮರೆಯಬೇಡಿ. ಎಫ್‌ಐಟಿಸಿ ಪಿಇ ಡಿಟೆಕ್ಟರಿಗೆ ಧಾರಾಳವಾಗಿ ಸೋರುತ್ತದೆ.

ಪ್ರಶ್ನೆ: ಪಿಇ ಆಂಟಿಬಾಡಿಯನ್ನು ಗೊತ್ತಾಗದೆ ಫ್ರೀಜರಿನಲ್ಲಿ ಇಟ್ಟಿದ್ದೆವು. ಕರಗಿಸಿ ಬಳಸಬಹುದೇ?

ಬೇಡ. ಪಿಇ, ಎಪಿಸಿ ಎರಡೂ ಹಲವು ತುಂಡುಗಳು ಕೂಡಿದ ಪ್ರೋಟೀನ್‌ಗಳು. ಹೆಪ್ಪುಗಟ್ಟಿದರೆ ಜೋಡಣೆ ಕೆಡುತ್ತದೆ. 2ರಿಂದ 8 ಡಿಗ್ರಿ, ಕತ್ತಲು, ಇಷ್ಟೇ ಅದರ ಜಾಗ. ಮೆಥನಾಲ್ ಹಾಕಿ ಪೊರೆ ತೆರೆಯುವ ವಿಧಾನಕ್ಕೂ ಇದೇ ಉತ್ತರ: ಮೆಥನಾಲ್ ಪಿಇಯನ್ನು ಕೆಡಿಸುತ್ತದೆ. ಬೇಕೇ ಬೇಕಾದರೆ ಎಫ್‌ಐಟಿಸಿಯಂತಹ ಸಣ್ಣ ಬಣ್ಣ ಆರಿಸಿ.

ಪ್ರಶ್ನೆ: ಹಿಸ್ಟೊಗ್ರಾಮ್ ಪೂರ್ತಿ ಬಲಕ್ಕೆ ಸರಿದಿದೆ, ಎರಡು ಗುಡ್ಡ ಕಾಣುವುದಿಲ್ಲ. ಗೇಟ್ ಎಲ್ಲಿ ಹಾಕಲಿ? ಐಸೊಟೈಪ್ ಸಾಕೇ?

ಫಾಸ್‌ನ ಮಟ್ಟಿಗೆ ಇದು ಸಹಜ. ಕೆಲವು ಕೋಶಗಳಲ್ಲಿ ಇದೆ, ಕೆಲವಲ್ಲಿ ಇಲ್ಲ ಎಂಬಂತಿರದೆ ಅದು ಕಡಿಮೆಯಿಂದ ಹೆಚ್ಚಿಗೆ ಇಳಿಜಾರಾಗಿ ಹರಡಿರುತ್ತದೆ. ಐಸೊಟೈಪ್ ಗೇಟ್ ಹಾಕಲು ಅಷ್ಟು ನೆಚ್ಚಬಹುದಾದದ್ದಲ್ಲ. ಅದು ಅಂಟುವ ಗುಣವೂ, ಬಣ್ಣದ ಪ್ರಮಾಣವೂ ಡಿಎಕ್ಸ್2ನಷ್ಟೇ ಇರಬೇಕೆಂದೇನಿಲ್ಲ. ಉಳಿದ ಎಲ್ಲ ಬಣ್ಣ ಹಾಕಿ ಸಿಡಿ95 ಒಂದನ್ನೇ ಬಿಟ್ಟ ಟ್ಯೂಬ್, ಅಂದರೆ ಎಫ್‌ಎಂಒ, ಗೇಟಿಗೆ ಸರಿಯಾದ ಆಧಾರ. ರಕ್ತದ ಮಾದರಿಯಾದರೆ ಅದರೊಳಗೇ ಒಂದು ಅಳತೆಗೋಲಿದೆ: ಸಿಡಿ45ಆರ್‌ಎ, ಸಿಸಿಆರ್7 ಎರಡೂ ಇರುವ ನೇವ್ ಟಿ ಕೋಶಗಳ ಬಹುಪಾಲಿನಲ್ಲಿ ಫಾಸ್ ಕಡಿಮೆ, ಮೆಮೊರಿ ಕೋಶಗಳಲ್ಲಿ ಹೆಚ್ಚು. ಈ ಎರಡು ಗುಂಪು ಬೇರೆಯಾಗಿ ಕಂಡರೆ ಸ್ಟೇನಿಂಗ್ ಸರಿಯಿದೆ. ಸತ್ತ ಕೋಶಗಳು ಎಲ್ಲ ಬಣ್ಣವನ್ನೂ ಹೀರಿ ನಕಲಿ ಪಾಸಿಟಿವ್ ಆಗುವುದರಿಂದ ಅವನ್ನು ಮೊದಲೇ ಗೇಟಿನಿಂದ ಹೊರಗಿಡಿ.

ಪ್ರಶ್ನೆ: ಮಗುವಿಗೆ ತಿಂಗಳುಗಟ್ಟಲೆ ದುಗ್ಧಗ್ರಂಥಿ ಊತ, ಗುಲ್ಮ ದೊಡ್ಡದಾಗಿದೆ, ರಕ್ತಕಣಗಳು ಕಡಿಮೆಯಾಗುತ್ತಿವೆ. ಎಎಲ್‌ಪಿಎಸ್ ಎಂಬ ಅನುಮಾನ. ಫ್ಲೋನಲ್ಲಿ ಸಿಡಿ95 ಸಹಜ ಎಂದು ಬಂದಿದೆ. ಕಾಯಿಲೆ ಇಲ್ಲವೆನ್ನಬಹುದೇ?

ಎನ್ನಲಾಗದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ತಪ್ಪು ತಿಳಿದರೆ ಪೆಟ್ಟು ಬೀಳುವುದು ಮಗುವಿಗೆ. ಎಎಲ್‌ಪಿಎಸ್‌ನಲ್ಲಿ, ಅಂದರೆ ಆಟೊಇಮ್ಯೂನ್ ಲಿಂಫೊಪ್ರೊಲಿಫರೇಟಿವ್ ಸಿಂಡ್ರೋಮ್‌ನಲ್ಲಿ, ಫಾಸ್ ಜೀನಿನ ದೋಷ ಬಹಳ ಸಲ ಒಳಭಾಗದ ಡೆತ್ ಡೊಮೈನ್‌ನಲ್ಲಿರುತ್ತದೆ. ಹೊರಭಾಗ ಸರಿಯಾಗಿಯೇ ಇರುವುದರಿಂದ ಆಂಟಿಬಾಡಿ ಸರಿಯಾಗಿಯೇ ಅಂಟುತ್ತದೆ, ವರದಿ ಸಹಜ ಎಂದೇ ಬರುತ್ತದೆ. ಬಾಗಿಲಿನ ಗಂಟೆಯ ಗುಂಡಿ ಕಾಣುತ್ತಿದೆ, ಒಳಗೆ ತಂತಿ ಕಡಿದಿದೆ. ಜೀನಿನ ಎರಡು ಪ್ರತಿಗಳಲ್ಲಿ ಒಂದೇ ಕೆಟ್ಟಿದ್ದರೂ ಕಾಯಿಲೆ ಬರುವುದೇಕೆ ಎಂಬುದಕ್ಕೆ ಸರಳ ಲೆಕ್ಕವಿದೆ: ಗ್ರಾಹಕ ಮೂರರ ಗುಂಪಾಗಿ ಕೆಲಸ ಮಾಡುತ್ತದೆ, ಮೂರೂ ಸರಿಯಿರುವ ಗುಂಪು ಎಂಟರಲ್ಲಿ ಒಂದು ಮಾತ್ರ, ಉಳಿದ ಏಳರಲ್ಲಿ ಕನಿಷ್ಠ ಒಂದಾದರೂ ಕೆಟ್ಟದ್ದು ಸೇರಿರುತ್ತದೆ.

ಹಾಗಾದರೆ ಫ್ಲೋನಲ್ಲಿ ಹುಡುಕಬೇಕಾದದ್ದು ಸಿಡಿ3 ಮತ್ತು ಆಲ್ಫಾ-ಬೀಟಾ ಗ್ರಾಹಕ ಇದ್ದು, ಸಿಡಿ4, ಸಿಡಿ8 ಎರಡೂ ಇಲ್ಲದ ‘ಡಬಲ್ ನೆಗೆಟಿವ್’ ಟಿ ಕೋಶಗಳನ್ನು. ಲಿಂಫೊಸೈಟ್ ಎಣಿಕೆ ಸಹಜ ಅಥವಾ ಹೆಚ್ಚಿರುವಾಗ, ಅವು ಒಟ್ಟು ಲಿಂಫೊಸೈಟ್‌ಗಳಲ್ಲಿ ಶೇ 1.5 ಅಥವಾ ಸಿಡಿ3 ಕೋಶಗಳಲ್ಲಿ ಶೇ 2.5 ಮುಟ್ಟಿದರೆ ಅದು ಮಾನದಂಡಗಳಲ್ಲಿ ಒಂದು. ಜೊತೆಗೆ ರಕ್ತದಲ್ಲಿ ಕರಗಿದ ಫಾಸ್ ಲಿಗಾಂಡ್ ಮತ್ತು ಬಿ12 ವಿಟಮಿನ್ ಏರಿರುವುದು ದೊಡ್ಡ ಸುಳಿವು. ಖಚಿತಪಡಿಸುವುದು ಜೀನ್ ಪರೀಕ್ಷೆ, ಅಥವಾ ಟಿ ಕೋಶಗಳನ್ನು ಬೆಳೆಸಿ ಫಾಸ್ ಮೂಲಕ ಸಾಯಿಸಲು ನೋಡುವ ಪರೀಕ್ಷೆ. ಎರಡನೆಯದರಲ್ಲಿ ದಿನಗಳ ಲೆಕ್ಕ ತಪ್ಪಬಾರದು: ಎಚ್ಚರಿಸಿದ ಮೊದಲ ದಿನ ಟಿ ಕೋಶದ ಮೈಮೇಲೆ ಫಾಸ್ ಬಂದಿದ್ದರೂ ಅದು ಸಾವಿಗೆ ಬಗ್ಗುವುದಿಲ್ಲ, ಟಿ ಕೋಶಗಳನ್ನು ಬೆಳೆಸುವ ಐಎಲ್-2 ಜೊತೆ ಐದಾರು ದಿನ ಬೆಳೆದ ಮೇಲೆ ಬಗ್ಗುತ್ತದೆ. ಮೊದಲ ದಿನವೇ ಪರೀಕ್ಷಿಸಿದರೆ ಆರೋಗ್ಯವಂತ ಮಗುವಿಗೂ ದೋಷವಿದೆ ಎಂಬ ವರದಿ ಬರುತ್ತದೆ. ರಕ್ತದ ಡಿಎನ್‌ಎಯಲ್ಲಿ ಏನೂ ಸಿಗದಿದ್ದರೂ ಕೈಬಿಡಬೇಡಿ. ಕೆಲವರಲ್ಲಿ ದೋಷ ಹುಟ್ಟಿನಿಂದ ಬರದೆ ಕೆಲವು ರಕ್ತಕೋಶಗಳಲ್ಲಷ್ಟೇ ಆಗಿರುತ್ತದೆ, ಡಬಲ್ ನೆಗೆಟಿವ್ ಕೋಶಗಳನ್ನು ಸಾರ್ಟ್ ಮಾಡಿ ಅವುಗಳ ಡಿಎನ್‌ಎ ಓದಿದಾಗ ಸಿಗುತ್ತದೆ. ಸಿಡಿ95 ಹೊಳಪು ಸಹಜಕ್ಕಿಂತ ಸ್ಪಷ್ಟವಾಗಿ ಕಡಿಮೆ ಬಂದರೆ ಅದಕ್ಕೆ ಅರ್ಥವಿದೆ, ಹೊರಭಾಗದ ದೋಷಗಳಲ್ಲಿ ಹಾಗಾಗುತ್ತದೆ. ಸಹಜ ಬಂದರೆ ಮಾತ್ರ ಅದರಿಂದ ಏನನ್ನೂ ತಳ್ಳಿಹಾಕುವಂತಿಲ್ಲ. ನಿಮ್ಮ ವೈದ್ಯರೊಂದಿಗೆ ಡಬಲ್ ನೆಗೆಟಿವ್ ಎಣಿಕೆಯ ಬಗ್ಗೆ ಈ ವಾರವೇ ಕೇಳಿ.

ಪ್ರಶ್ನೆ: ಬಣ್ಣವಿಲ್ಲದ ಶುದ್ಧ ಆಂಟಿಬಾಡಿ ನಮ್ಮಲ್ಲಿದೆ. ನಾವೇ ಎಫ್‌ಐಟಿಸಿ ಕಟ್ಟಬಹುದೇ?

ಖಂಡಿತ. ಮೊದಲು ಆಂಟಿಬಾಡಿಯ ಜೊತೆ ಟ್ರಿಸ್, ಗ್ಲೈಸಿನ್, ಅಜೈಡ್, ಬಿಎಸ್‌ಎ ಎಂಬ ಪ್ರೋಟೀನ್ ಇದ್ದರೆ ತೆಗೆಯಿರಿ. ಮೊದಲ ಮೂರನ್ನು ಡಯಾಲಿಸಿಸ್‌ನಲ್ಲಿ ತೆಗೆಯಬಹುದು, ಬಿಎಸ್‌ಎ ಹಾಗೆ ಹೋಗುವುದಿಲ್ಲ. ಬಿಎಸ್‌ಎ ಇಲ್ಲದ ಸರಕನ್ನೇ ತರಿಸಿ. ಇವೆಲ್ಲ ಇದ್ದರೆ ಎಫ್‌ಐಟಿಸಿ ಆಂಟಿಬಾಡಿಯನ್ನು ಬಿಟ್ಟು ಇವುಗಳ ಮೇಲೆ ಖರ್ಚಾಗುತ್ತದೆ. ಆಂಟಿಬಾಡಿಯನ್ನು ಪಿಎಚ್ 9ರ 0.1 ಮೋಲಾರ್ ಕಾರ್ಬೊನೇಟ್ ಬಫರಿನಲ್ಲಿ, ಮಿಲಿಲೀಟರಿಗೆ 2 ಮಿಲಿಗ್ರಾಂನಂತೆ ಇಟ್ಟುಕೊಳ್ಳಿ. ಎಫ್‌ಐಟಿಸಿಯನ್ನು ಆಗಷ್ಟೇ ಡಿಎಂಎಸ್‌ಒನಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ಕರಗಿಸಿ, ನಿನ್ನೆಯದು ಬೇಡ. 1 ಮಿಲಿಲೀಟರ್ ಆಂಟಿಬಾಡಿಗೆ 50 ಮೈಕ್ರೊಲೀಟರ್ ಎಫ್‌ಐಟಿಸಿಯನ್ನು 5 ಮೈಕ್ರೊಲೀಟರಿನಂತೆ, ಮೆಲ್ಲಗೆ ತಿರುಗಿಸುತ್ತ ಸೇರಿಸಿ. ಇದು ಒಂದು ಆಂಟಿಬಾಡಿ ಅಣುವಿಗೆ ಸುಮಾರು ಹತ್ತು ಎಫ್‌ಐಟಿಸಿ ಅಣುವಿನ ಲೆಕ್ಕ. ಅಂಟುವುದು ಅದರ ಒಂದು ಪಾಲು ಮಾತ್ರ. 4 ಡಿಗ್ರಿಯಲ್ಲಿ ಕತ್ತಲಲ್ಲಿ 8 ಗಂಟೆ ಇಟ್ಟು, ಅಮೋನಿಯಂ ಕ್ಲೋರೈಡನ್ನು 50 ಮಿಲಿಮೋಲಾರ್ ಆಗುವಷ್ಟು ಹಾಕಿ 2 ಗಂಟೆ ಬಿಡಿ. ನಂತರ ಜಿ-25 ಡೀಸಾಲ್ಟಿಂಗ್ ಕಾಲಮ್ಮಿನಲ್ಲಿ ಪಿಬಿಎಸ್ ಜೊತೆ ಇಳಿಸಿ. ಎರಡು ಹಳದಿ ಪಟ್ಟಿಗಳು ಬೇರೆಯಾಗುವುದು ಬರಿಗಣ್ಣಿಗೇ ಕಾಣುತ್ತದೆ: ಮುಂದೆ ಓಡುವುದು ಆಂಟಿಬಾಡಿ, ಹಿಂದೆ ಉಳಿಯುವುದು ಅಂಟದ ಬಣ್ಣ. ಮುಂದಿನದನ್ನಷ್ಟೇ ಹಿಡಿಯಿರಿ.

ಎಷ್ಟು ಅಂಟಿತು ಎಂದು ಅಳೆಯದೆ ಬಳಸಬೇಡಿ. 280 ಮತ್ತು 495 ನ್ಯಾನೊಮೀಟರಿನಲ್ಲಿ ಅಬ್ಸಾರ್ಬೆನ್ಸ್ ಓದಿ. 495ರ ಓದನ್ನು 2.77ರಿಂದ ಗುಣಿಸಿ ಪಕ್ಕಕ್ಕಿಡಿ. 495ರ ಓದಿನ 0.35 ಪಾಲನ್ನು 280ರ ಓದಿನಿಂದ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಒಂದು ಆಂಟಿಬಾಡಿಗೆ ಎಷ್ಟು ಎಫ್‌ಐಟಿಸಿ ಎಂಬುದು ಬರುತ್ತದೆ. 280ರಲ್ಲಿ 0.90, 495ರಲ್ಲಿ 0.75 ಬಂದಿದ್ದರೆ ಉತ್ತರ ಸುಮಾರು 3.3. ಮೂರರಿಂದ ಆರರೊಳಗಿದ್ದರೆ ಒಳ್ಳೆಯದು. ಎರಡಕ್ಕಿಂತ ಕಡಿಮೆಯಾದರೆ ಮಂಕು. ಎಂಟು, ಹತ್ತಕ್ಕೆ ಏರಿದರೆ ಬಣ್ಣದ ಅಣುಗಳು ಒಂದರ ಬೆಳಕನ್ನು ಇನ್ನೊಂದು ನುಂಗುತ್ತವೆ, ಹಿಡಿಯುವ ತುದಿಯಲ್ಲಿದ್ದ ಲೈಸಿನ್‌ಗಳೂ ಮುಚ್ಚಿಹೋಗಿ ಆಂಟಿಬಾಡಿ ಫಾಸನ್ನೇ ಹಿಡಿಯದಂತಾಗುತ್ತದೆ. ಹಾಗೆ ಏರಿದ್ದರೆ ಮುಂದಿನ ಸಲ ಎಫ್‌ಐಟಿಸಿಯನ್ನು 25 ಮೈಕ್ರೊಲೀಟರಿಗೆ ಇಳಿಸಿ, ಜುರ್ಕಾಟ್ ಮೇಲೆ ಟೈಟ್ರೇಟ್ ಮಾಡಿ, ಹಳೆಯ ಲಾಟ್ ಪಕ್ಕದಲ್ಲಿಟ್ಟು ಹೋಲಿಸಿ.